‘ತಾರಾ’ ನೋಡಿ ಬಂದ ರಾತ್ರಿ ಮೆಟ್ರೊದಲ್ಲಿ ಅಮ್ಮ ಕೇಳಿದ ಪ್ರಶ್ನೆ

ರಾಜಾಜಿನಗರದವಳು

ಕಳೆದ ಶನಿವಾರ ಅಮ್ಮನನ್ನು ಕರೆದುಕೊಂಡು ಮಹೇಶ್ ದತ್ತಾನಿಯವರ ‘ತಾರಾ’ ನೋಡಿ ಬಂದೆ. ಜೆ.ಪಿ. ನಗರದ ಕಡೆ ಒಂದು ಹವ್ಯಾಸಿ ತಂಡ ಸಣ್ಣ ಹಾಲ್‌ನಲ್ಲಿ ಆಡಿದ್ದು. ಇಂಗ್ಲಿಷ್ ನಾಟಕ ಅಂತ ಅಮ್ಮ ಮೊದಲು ಹಿಂದೇಟು ಹಾಕಿದರು. ಸರ್ಕಾರಿ ಹೈಸ್ಕೂಲಿನಲ್ಲಿ 30 ವರ್ಷ ಗಣಿತ ಹೇಳಿಕೊಟ್ಟವರು, ಇಂಗ್ಲಿಷ್ ಓದಿ ಗೊತ್ತು, ಕೇಳಿ ಅಭ್ಯಾಸವಿಲ್ಲ. ಆದರೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ನನ್ನ ಕೈ ಹಿಡಿದುಕೊಂಡು ಕೂತಿದ್ದರು.

ನೋಡದವರಿಗಾಗಿ ಕತೆ ಹೇಳಿಬಿಡುತ್ತೇನೆ. ತಾರಾ ಮತ್ತು ಚಂದನ್ ಮೈ ಅಂಟಿಕೊಂಡು ಹುಟ್ಟಿದ ಅವಳಿ ಮಕ್ಕಳು. ಇಬ್ಬರಿಗೂ ಸೇರಿ ಮೂರೇ ಕಾಲು. ಆ ಮೂರನೇ ಕಾಲಿಗೆ ರಕ್ತ ಹೆಚ್ಚಾಗಿ ಹರಿಯುತ್ತಿದ್ದದ್ದು ಹೆಣ್ಣುಮಗುವಿನ ಕಡೆಯಿಂದ. ಅಂದರೆ ಶಸ್ತ್ರಚಿಕಿತ್ಸೆ ಮಾಡಿ ಬೇರ್ಪಡಿಸುವಾಗ ಅದು ತಾರಾಳ ಜೊತೆ ಇದ್ದಿದ್ದರೆ ಉಳಿಯುವ ಸಾಧ್ಯತೆ ಜಾಸ್ತಿ. ಆದರೆ ತಾಯಿ ಭಾರತಿ ಮತ್ತು ಭಾರತಿಯ ಅಪ್ಪ ಡಾಕ್ಟರ್ ಹತ್ತಿರ ಗುಟ್ಟಾಗಿ ಮಾತಾಡಿ ಆ ಕಾಲನ್ನು ಹುಡುಗನಿಗೆ ಕೊಡಿಸುತ್ತಾರೆ. ತಾತ ಹಣವಂತ, ರಾಜಕೀಯ ಪ್ರಭಾವ ಇದ್ದವನು. ಡಾಕ್ಟರಿಗೆ ನರ್ಸಿಂಗ್ ಹೋಮ್ ಕಟ್ಟಿಕೊಳ್ಳಲು ಬೆಂಗಳೂರಿನಲ್ಲೇ ಜಾಗ ಸಿಗುತ್ತದೆ. ಚಂದನ್‌ಗೆ ಎರಡು ಕಾಲು ಇದ್ದದ್ದು ಎರಡೇ ದಿನ. ಆಮೇಲೆ ಅದನ್ನು ಕತ್ತರಿಸಿ ತೆಗೆಯಬೇಕಾಯಿತು. ಇಬ್ಬರಿಗೂ ಒಂದೊಂದು ಜೈಪುರದ ಕೃತಕ ಕಾಲು.

ಮಕ್ಕಳಿಗೆ ಇದು ಯಾವುದೂ ಗೊತ್ತಿಲ್ಲ. ನಾಟಕದ ಕೊನೆಯ ಭಾಗದಲ್ಲಿ ಅಪ್ಪ ಬಾಯಿಬಿಡುವವರೆಗೂ ತಾರಾ ಅಮ್ಮನನ್ನು ದೇವರಂತೆ ನಂಬಿಕೊಂಡಿರುತ್ತಾಳೆ.

ವಾಪಸ್ ಬರುವಾಗ ಮೆಟ್ರೊದಲ್ಲಿ ಅಮ್ಮ ಒಂದು ಮಾತೂ ಆಡಲಿಲ್ಲ. ಮೆಜೆಸ್ಟಿಕ್ ದಾಟಿತು, ಸಂಪಿಗೆ ರಸ್ತೆ ದಾಟಿತು. ಶ್ರೀರಾಂಪುರ ಬಿಟ್ಟ ಮೇಲೆ ಕಿಟಕಿ ಕಡೆಗೇ ಮುಖ ಮಾಡಿಕೊಂಡು ಕೇಳಿದರು: “ಆ ತಾಯಿ ತಾನಾಗೇ ಮಗಳ ಮುಂದೆ ಕೂತು ಹೇಳಿಬಿಟ್ಟಿದ್ದರೆ ಏನಾಗ್ತಿತ್ತು?”

ನನಗೆ ಉತ್ತರ ತೋಚಲಿಲ್ಲ. ಹೆಣ್ಣುಮಗಳಿಗೆ ಮನೆಯಲ್ಲಿ ಕಡಿಮೆ ಕೊಡುವುದರ ಬಗ್ಗೆ ನಾವು ಬೇಕಾದಷ್ಟು ಮಾತಾಡುತ್ತೇವೆ. ಕೊಡಲಿಲ್ಲ ಅನ್ನುವುದನ್ನು ಅವಳಿಂದ ಮುಚ್ಚಿಡುವುದರ ಬಗ್ಗೆ ಮಾತಾಡುವುದೇ ಇಲ್ಲ. ಈ ನಾಟಕ ನೋಡಿದವರು, ಓದಿದವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಹನುಮಂತನಗರದ ರಂಗಪ್ರೇಮಿ

ಮೇಡಂ, ನಾನು ಇದರ ಮೊದಲ ಪ್ರಯೋಗಗಳ ಕಾಲದವನು. 1990ರ ಅಕ್ಟೋಬರ್‌ನಲ್ಲಿ ಮಲ್ಲೇಶ್ವರದ ಚೌಡಯ್ಯ ಮೆಮೋರಿಯಲ್ ಹಾಲ್‌ನಲ್ಲಿ ಮೊದಲು ಆಡಿದಾಗ ಇದರ ಹೆಸರು ‘ಟ್ವಿಂಕಲ್ ತಾರಾ’. ಆಡಿದ್ದು ದತ್ತಾನಿಯವರದೇ ತಂಡ, ಪ್ಲೇಪೆನ್. ಅವರು ಗುಜರಾತಿ ಮನೆತನದವರು, ಹುಟ್ಟಿ ಬೆಳೆದದ್ದು ಇದೇ ಊರು. 1998ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಂಗ್ಲಿಷ್ ನಾಟಕಕ್ಕೆ ಆ ಪ್ರಶಸ್ತಿ ಅದೇ ಮೊದಲು.

ಆಗ ನಮ್ಮೂರಿನಲ್ಲಿ ಎರಡು ರಂಗಭೂಮಿ ಇದ್ದವು. ನಾವು ರವೀಂದ್ರ ಕಲಾಕ್ಷೇತ್ರದ ಕನ್ನಡದವರು, ಅವರು ಕಂಟೋನ್ಮೆಂಟ್ ಕಡೆಯ ಇಂಗ್ಲಿಷಿನವರು. ಒಬ್ಬರ ನಾಟಕಕ್ಕೆ ಇನ್ನೊಬ್ಬರು ಹೋಗುತ್ತಿದ್ದದ್ದು ಅಪರೂಪ. ಹೀಗಾಗಿ ನಮ್ಮ ಜಯನಗರ, ಮಲ್ಲೇಶ್ವರದ ಮನೆಗಳ ಕತೆಯನ್ನೇ ಹೇಳುವ ನಾಟಕ ನಮಗೆ ಬಹಳ ವರ್ಷ ತಲುಪಲೇ ಇಲ್ಲ. ನನಗೆ ಈಗಲೂ ಅದರ ಬಗ್ಗೆ ಬೇಸರವಿದೆ.

ಒಂದು ಸೂಕ್ಷ್ಮ ಗಮನಿಸಿ. ಪಕ್ಕದ ಮನೆಯ ಹುಡುಗಿ ರೂಪಾ ಒಂದು ವಿಷಯ ಹೇಳುತ್ತಾಳೆ: ಹಿಂದಿನ ಕಾಲದಲ್ಲಿ ಗುಜರಾತಿನ ಕಡೆ ಹೆಣ್ಣುಕೂಸನ್ನು ಹಾಲಿನಲ್ಲಿ ಮುಳುಗಿಸಿ ಸಾಯಿಸುತ್ತಿದ್ದರು, ಯಾರಾದರೂ ಕೇಳಿದರೆ ಹಾಲು ಕುಡಿಯುವಾಗ ನೆತ್ತಿಗೆ ಹತ್ತಿತು ಅನ್ನಬಹುದಲ್ಲ ಅಂತ. ಇದು ಕಟ್ಟುಕತೆಯಲ್ಲ. ಆ ಪದ್ಧತಿಗೆ ‘ದೂಧ್ ಪೀತಿ’ ಅಂತ ಹೆಸರೇ ಇತ್ತು. ಹೆಣ್ಣುಶಿಶು ಹತ್ಯೆ ತಡೆಯಲು ಬ್ರಿಟಿಷರು 1870ರಲ್ಲಿ ಕಾಯ್ದೆ ತಂದರು. ಅದೇ ನಾಟಕದಲ್ಲಿ ಭಾರತಿ ಮಗಳ ಹಿಂದೆ ಬಿದ್ದು ಹಾಲು ಕುಡಿಸುತ್ತಾಳೆ, ತೂಕ ಕಮ್ಮಿ ಆಯಿತು ಅಂತ ಕಳವಳ ಪಡುತ್ತಾಳೆ. ಒಂದು ಕಡೆ ಕೊಲ್ಲುವ ಹಾಲು, ಇನ್ನೊಂದು ಕಡೆ ಪ್ರೀತಿಯ ಹಾಲು. ಭಾರತಿಯ ಕೈಯಲ್ಲಿರುವ ಲೋಟ ಯಾವುದು ಅಂತ ಪ್ರೇಕ್ಷಕನಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ.

ವೈಟ್‌ಫೀಲ್ಡ್ ಅಪ್ಪ

ಯಾರಿಗೂ ಬೇಸರ ಮಾಡುವ ಉದ್ದೇಶ ಇಲ್ಲ. ನನಗೆ ಇಬ್ಬರು ಹೆಣ್ಣುಮಕ್ಕಳು, ಒಬ್ಬಳು ಒಂಬತ್ತನೇ ಕ್ಲಾಸು, ಇನ್ನೊಬ್ಬಳು ಐದನೇ ಕ್ಲಾಸು. ನನ್ನ ಅಪಾರ್ಟ್‌ಮೆಂಟಿನಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಒಂದೋ ಎರಡೋ ಮಕ್ಕಳು. ಹೆಣ್ಣೋ ಗಂಡೋ ಅಂತ ಯಾರೂ ಲೆಕ್ಕ ಹಾಕಿದ್ದು ನಾನು ಕಂಡಿಲ್ಲ. ಇದು 1990ರ ನಾಟಕ. ಇವತ್ತಿನ ಬೆಂಗಳೂರಿಗೆ ಇದು ಎಷ್ಟು ಹೊಂದುತ್ತೆ ಅನ್ನೋದು ನನ್ನ ನಿಜವಾದ ಸಂಶಯ.

ಇನ್ನೊಂದು. ನೀವು ಹೇಳಿದ ಕತೆ ಕೇಳಿದರೆ ತಪ್ಪೆಲ್ಲ ತಾಯಿಯ ತಲೆಗೆ ಬಂತು. ಅಪ್ಪ ಒಳ್ಳೆಯವನಾಗಿ ಉಳಿದುಕೊಂಡ. ಹೆಣ್ಣಿಗೆ ಹೆಣ್ಣೇ ಶತ್ರು ಅನ್ನೋ ಹಳೇ ಮಾತನ್ನೇ ಇದೂ ಹೇಳುತ್ತೆ ಅಂತಾದರೆ ಅದರಲ್ಲಿ ಹೊಸದೇನು?

ಸ್ಕ್ಯಾನಿಂಗ್ ರೂಮಿನಿಂದ

ನಾನು ರೇಡಿಯಾಲಜಿಸ್ಟ್. ನಾಟಕವನ್ನು ಕಾಲೇಜಿನಲ್ಲಿದ್ದಾಗ ಓದಿದ್ದೆ, ಆಗ ನನಗೆ ಕೋಪ ಬಂದಿತ್ತು. ಯಾಕೆಂದರೆ ಅಂಟಿಕೊಂಡು ಹುಟ್ಟುವ ಅವಳಿಗಳು ಒಂದೇ ಭ್ರೂಣ ತಡವಾಗಿ, ಪೂರ್ತಿಯಾಗದೆ ಕವಲೊಡೆದು ಆದವರು. ಇಬ್ಬರೂ ಹೆಣ್ಣಾಗಿರುತ್ತಾರೆ ಅಥವಾ ಇಬ್ಬರೂ ಗಂಡಾಗಿರುತ್ತಾರೆ. ಒಂದು ಹೆಣ್ಣು ಒಂದು ಗಂಡು ಅನ್ನುವುದು ವೈದ್ಯಶಾಸ್ತ್ರಕ್ಕೆ ಹೊಂದುವುದಿಲ್ಲ.

ಈಗ ಹಾಗನ್ನಿಸುವುದಿಲ್ಲ. ಇಬ್ಬರೂ ಹುಡುಗರಾಗಿದ್ದರೆ ಆ ಕಾಲು ಎಲ್ಲಿಂದ ರಕ್ತ ಪಡೆಯುತ್ತಿತ್ತೋ ಅಲ್ಲೇ ಉಳಿಯುತ್ತಿತ್ತು, ಯಾರೂ ಡಾಕ್ಟರ್ ಹತ್ತಿರ ಗುಟ್ಟಾಗಿ ಮಾತಾಡಲು ಹೋಗುತ್ತಿರಲಿಲ್ಲ. ಒಂದೇ ರಕ್ತ, ಒಂದೇ ಮೈ, ಒಂದೇ ದಿನ ಹುಟ್ಟು. ಬೇರೆ ಇರುವುದು ಒಂದೇ ವಿಷಯ. ಆ ಒಂದನ್ನು ಮಾತ್ರ ತೂಕಕ್ಕೆ ಹಾಕಬೇಕು ಅಂತಲೇ ನಾಟಕಕಾರರು ಶಾಸ್ತ್ರ ಮೀರಿದ್ದಾರೆ.

ವೈಟ್‌ಫೀಲ್ಡ್ ಸರ್, ನಿಮ್ಮ ಮನೆಯ ಬಗ್ಗೆ ಸಂತೋಷ. ಆದರೆ ನಾನು ಕೂರುವ ಕುರ್ಚಿಯಿಂದ ಕಾಣುವುದು ಬೇರೆ. ನಮ್ಮಲ್ಲಿ ಗೋಡೆ ಮೇಲೆ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಅನ್ನೋ ಬೋರ್ಡ್ ಇದೆ, ಕಾನೂನಿನ ಪ್ರಕಾರ ಇರಲೇಬೇಕು. ಗರ್ಭಿಣಿಯ ಪ್ರತಿ ಸ್ಕ್ಯಾನಿಗೂ ಫಾರ್ಮ್ ಎಫ್ ತುಂಬಬೇಕು. ಆ ಬೋರ್ಡಿನ ಕೆಳಗೇ ನಿಂತು ಜನ ಕೇಳುತ್ತಾರೆ. ನೇರವಾಗಿ ಕೇಳಲ್ಲ. “ಡಾಕ್ಟ್ರೇ, ಎಲ್ಲಾ ಚೆನ್ನಾಗಿದೆ ತಾನೇ, ನಾವು ಖುಷಿ ಪಡಬಹುದು ತಾನೇ?” ಅಂತ ಕಣ್ಣು ನೋಡುತ್ತಾ ನಿಲ್ಲುತ್ತಾರೆ. ಇಂಗ್ಲಿಷ್ ಮಾತಾಡುವವರು, ದೊಡ್ಡ ಕಾರಿನಲ್ಲಿ ಬಂದವರು ಇದರಲ್ಲಿ ಹಿಂದೆ ಬಿದ್ದಿಲ್ಲ.

2023ರ ಕೊನೆಯಲ್ಲಿ ನಮ್ಮ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಜಾಲ ನೆನಪಿರಬಹುದು. ಮಂಡ್ಯದ ಕಡೆ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣ ಹೆಣ್ಣೋ ಗಂಡೋ ನೋಡಿ ಹೇಳುತ್ತಿದ್ದರು. ಬೆಲ್ಲ ಕಾಯಿಸುವ ಜಾಗ ಅದು. ಬಂಧನಕ್ಕೊಳಗಾದವರಲ್ಲಿ ವೈದ್ಯರೂ ಇದ್ದರು. ಆ ಸುದ್ದಿ ಓದಿದ ದಿನ ನನಗೆ ಮೊದಲು ನೆನಪಾದದ್ದು ಈ ನಾಟಕದ ಡಾ. ಠಕ್ಕರ್. ರಂಗದ ಮೇಲೆ ಅವನು ಎತ್ತರದಲ್ಲಿ ಕೂತು ಆ ಶಸ್ತ್ರಚಿಕಿತ್ಸೆ ಎಷ್ಟು ದೊಡ್ಡ ಸಾಧನೆ ಅಂತ ಸಂದರ್ಶನ ಕೊಡುತ್ತಾನಲ್ಲ, ಪಡೆದ ಜಾಗದ ಬಗ್ಗೆ ಒಂದಕ್ಷರ ಬರುವುದಿಲ್ಲ. ನನ್ನ ವೃತ್ತಿಯವರ ಆ ಮೌನಕ್ಕೆ ನನಗೆ ನಾಚಿಕೆಯಾಗುತ್ತದೆ.

ಅಂಕಿ ಬೇಕು ಅನ್ನುವವರಿಗೆ: ಕರ್ನಾಟಕದಲ್ಲಿ 6 ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರ ಜನಗಣತಿಯಲ್ಲಿ 960 ಹೆಣ್ಣುಮಕ್ಕಳಿದ್ದರು. 2001ರಲ್ಲಿ 946. 2011ರಲ್ಲಿ 948. ನಾಟಕ ಬಂದಮೇಲೆ ಕಡಿಮೆಯೇ ಆಗಿದೆ.

ರಾಜಾಜಿನಗರದವಳು

ಡಾಕ್ಟರ್, ಇದನ್ನು ಬರೆದದ್ದಕ್ಕೆ ನಮಸ್ಕಾರ.

ವೈಟ್‌ಫೀಲ್ಡ್ ಅವರೇ, ನಿಮ್ಮ ಎರಡನೇ ಮಾತು ನನ್ನನ್ನೂ ಕಾಡಿತ್ತು. ಅದಕ್ಕೇ ಪುಸ್ತಕ ತೆಗೆದು ಮತ್ತೆ ಓದಿದೆ. ಆಗ ನಾಟಕ ನೋಡುವಾಗ ತಪ್ಪಿಹೋಗಿದ್ದ ಒಂದು ಕಣ್ಣಿಗೆ ಬಿತ್ತು. ಭಾರತಿ ಮಾಡಿದ ತಪ್ಪನ್ನು ನಮಗೆ ಹೇಳುವವರು ಯಾರು? ಗಂಡ ಪಟೇಲ್. ಅವನು ಹೇಳುವ ಹೊತ್ತಿಗೆ ಅವಳು ಎಲ್ಲಿದ್ದಾಳೆ? ಮನಸ್ಸು ಕೆಟ್ಟು ಆಸ್ಪತ್ರೆಯಲ್ಲಿ. ತನ್ನ ಪರವಾಗಿ ಒಂದು ಮಾತು ಆಡುವ ಸ್ಥಿತಿಯಲ್ಲಿಲ್ಲ. ಡಾಕ್ಟರ ಜೊತೆಗಿನ ಮಾತಿಗೆ ತನ್ನನ್ನು ಕರೆಯಲೇ ಇಲ್ಲ ಅನ್ನುತ್ತಾನೆ ಅವನು, ತಾನು ಇನ್ನೂ ಗಟ್ಟಿಯಾಗಿ ವಿರೋಧಿಸಬೇಕಿತ್ತೇನೋ ಅಂತಲೂ ಅನ್ನುತ್ತಾನೆ. ಇರಬಹುದು. ಆದರೆ ಇದೇ ಪಟೇಲ್, ಮಗ ಅಮ್ಮನ ಹೆಣಿಗೆಗೆ ಕೈ ಜೋಡಿಸಿದರೆ ರೇಗುತ್ತಾನೆ. ತನ್ನ ಆಫೀಸಿಗೆ ಬಾ ಅಂತ ಕರೆಯುವುದು ಚಂದನ್‌ನನ್ನು. ಕಾಲಿನ ವಿಷಯದಲ್ಲಿ ಅಪ್ಪ ಸುಮ್ಮನಿದ್ದ, ಆಫೀಸಿನ ವಿಷಯದಲ್ಲಿ ಅಪ್ಪನೇ ಕೊಡುವವನು. ಎರಡರಲ್ಲೂ ತಾರಾಗೆ ಸಿಕ್ಕಿದ್ದು ಒಂದೇ.

ತಾರಾಳ ಕಿಡ್ನಿ ಕೆಟ್ಟಾಗ ತನ್ನದನ್ನೇ ಕೊಡುತ್ತೇನೆ ಅಂತ ಭಾರತಿ ಹಟ ಹಿಡಿಯುತ್ತಾಳಲ್ಲ, ಅದನ್ನು ಪಾಪಪ್ರಜ್ಞೆ ಅಂತ ಎಲ್ಲರೂ ಬರೆಯುತ್ತಾರೆ. ನನಗೆ ಹಾಗನ್ನಿಸುವುದು ಅರ್ಧ ಮಾತ್ರ. ಹೇಳಲಾಗದ್ದನ್ನು ಅವಳು ಮೈಯಿಂದ ಹೇಳಲು ಹೊರಟಿದ್ದಾಳೆ. ಗಂಡ ಅದಕ್ಕೂ ಒಪ್ಪುವುದಿಲ್ಲ.

ವಕೀಲೆ, ಸಿಟಿ ಸಿವಿಲ್ ಕೋರ್ಟ್ ಹತ್ತಿರ

ಎಲ್ಲರೂ ಕಾಲಿನ ಬಗ್ಗೆ ಬರೆಯುತ್ತಿದ್ದೀರಿ, ಸ್ವಲ್ಪ ಆಸ್ತಿಯ ಕಡೆ ನೋಡೋಣ. ನಾಟಕದಲ್ಲಿ ತಾತ ಸತ್ತಮೇಲೆ ದುಡ್ಡನ್ನು ಚಂದನ್ ಹೆಸರಿಗೆ ಬಿಟ್ಟು ಹೋಗಿರುತ್ತಾನೆ. ತಾರಾಗೆ ಏನೂ ಇಲ್ಲ. ಯಾಕೆ ಅಂತ ಕೇಳಿದರೆ ಸಿಗುವ ಉತ್ತರ: ಅದು ಅವರ ದುಡ್ಡು, ಅವರಿಷ್ಟ. ಈ ಉತ್ತರವನ್ನು ನಾನು ವಾರಕ್ಕೆ ಮೂರು ಸಲ ಕೇಳುತ್ತೇನೆ.

ನಾಟಕ ಬಂದ ನಾಲ್ಕು ವರ್ಷಕ್ಕೆ, 1994ರಲ್ಲಿ, ಒಂದೇ ವರ್ಷದಲ್ಲಿ ಮೂರು ಕಾನೂನುಗಳು ಬಂದವು. ಅಂಗಾಂಗ ಕಸಿ ಕಾಯ್ದೆ, ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆ, ಮತ್ತು ನಮ್ಮ ರಾಜ್ಯದ್ದೇ ಆದ ಹಿಂದೂ ಉತ್ತರಾಧಿಕಾರ ತಿದ್ದುಪಡಿ. ತಾರಾಳ ಕಿಡ್ನಿ, ತಾರಾಳ ಹುಟ್ಟು, ತಾರಾಳ ಪಾಲು! ನಾಟಕ ಮುಟ್ಟಿದ ಮೂರನ್ನೂ ಕಾನೂನು ಆಮೇಲೆ ಮುಟ್ಟಿತು. ಕರ್ನಾಟಕದ ತಿದ್ದುಪಡಿ ಜುಲೈ 30, 1994ರಿಂದ ಜಾರಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು, ಆದರೆ ಅದಕ್ಕೆ ಮೊದಲೇ ಮದುವೆಯಾದವಳಿಗೆ ಇಲ್ಲ. 2005ರ ಕೇಂದ್ರದ ತಿದ್ದುಪಡಿ ಮದುವೆಯ ಆ ತಡೆಯನ್ನು ತೆಗೆಯಿತು. ಅದು ಜಾರಿಯಾದ ದಿನಕ್ಕೆ ಅಪ್ಪ ಬದುಕಿರಬೇಕಿತ್ತೇ ಅನ್ನುವ ಜಗಳ ಹದಿನೈದು ವರ್ಷ ನಡೆದು, 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ‘ಬೇಕಿಲ್ಲ’ ಅಂತ ತೀರ್ಮಾನ ಕೊಟ್ಟಿತು.

ಇಷ್ಟೆಲ್ಲಾ ಆದರೂ ತಾರಾ ಇವತ್ತು ನನ್ನ ಹತ್ತಿರ ಬಂದರೆ ನಾನು ಅವಳಿಗೆ ಆ ದುಡ್ಡು ಕೊಡಿಸಲಾರೆ. ಅದು ತಾತ ತಾನೇ ಸಂಪಾದಿಸಿದ್ದು. ಸ್ವಂತ ಸಂಪಾದನೆಯನ್ನು ವಿಲ್ ಬರೆದು ಯಾರಿಗೆ ಬೇಕಾದರೂ ಕೊಡಬಹುದು. ಕಾನೂನು ಮುಟ್ಟಲಾಗದ ಜಾಗಕ್ಕೇ ದತ್ತಾನಿ ಬೆರಳಿಟ್ಟಿದ್ದಾರೆ.

ಕಾನೂನು ಮುಟ್ಟುವ ಜಾಗದಲ್ಲೂ ಏನಾಗುತ್ತದೆ ಹೇಳುತ್ತೇನೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಹೆಣ್ಣುಮಕ್ಕಳು ಕೂತಿರುತ್ತಾರೆ. ಅಣ್ಣ ಕರೆದ, ಬಂದಿದ್ದಾರೆ. ಹಕ್ಕು ಬಿಡುಗಡೆ ಪತ್ರ ಸಿದ್ಧವಾಗಿದೆ. “ಇಲ್ಲೊಂದು ಸೈನ್ ಹಾಕಮ್ಮ.” ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು, ಒಂದು ಸೀರೆ. ಕೆಂಗೇರಿ, ಯಲಹಂಕ ಕಡೆ ಜಮೀನಿಗೆ ಕೋಟಿ ಬೆಲೆ ಬಂದಮೇಲೆ ಈ ಸಹಿಗೆ ಅವಸರ ಜಾಸ್ತಿಯಾಗಿದೆ. ಪತ್ರದಲ್ಲಿ ಎಷ್ಟು ಎಕರೆ ಇದೆ ಅಂತ ಓದಿದ್ದೀರಾ ಅಂದರೆ, “ನಮ್ಮಣ್ಣ ಮೋಸ ಮಾಡ್ತಾನಾ ಮೇಡಂ?” ಅನ್ನುತ್ತಾರೆ. ಮೋಸ ಅಂತ ನಾನೂ ಅನ್ನುವುದಿಲ್ಲ. ಎಷ್ಟು ಬಿಟ್ಟುಕೊಡುತ್ತಿದ್ದೀನಿ ಅಂತ ತಿಳಿದು ಬಿಟ್ಟುಕೊಟ್ಟರೆ ಅದು ಅವಳ ದೊಡ್ಡತನ. ತಿಳಿಸದೆ ಬಿಡಿಸಿಕೊಂಡರೆ? ರಾಜಾಜಿನಗರದವರ ಅಮ್ಮ ಕೇಳಿದ ಪ್ರಶ್ನೆ ಅದೇ ಬೆಂಚಿನ ಮೇಲೆ ಕೂತಿದೆ.

ಧಾರವಾಡದಾಕಿ, ಈಗ ವಿಜಯನಗರ

ಅಕ್ಕಾರ, ನಾ ಇಲ್ಲಿ ಪಿಜಿಯೊಳಗ ಇರ್ತೀನಿ, ಎಂ.ಎ. ಮಾಡ್ಲಿಕ್ಕತ್ತೀನಿ. ನಿಮ್ಮ ಮಾತು ಓದಿದ ಮ್ಯಾಲೆ ನಮ್ಮ ಅಜ್ಜಿ ಹಾಡ್ತಿದ್ದ ‘ಕೆರೆಗೆ ಹಾರ’ ನೆನಪಾತು. ಎಲ್ಲಾರೂ ಅದನ್ನ ಸೊಸಿ ಹಾಡು ಅಂತಾರ. ಖರೇನ, ಕೆರಿಗೆ ಬಲಿ ಕೊಡೂದು ಕಿರಿ ಸೊಸಿ ಭಾಗೀರತಿನ್ನ. ಆದ್ರ ನನಗ ಅದು ಮಗಳ ಹಾಡು ಅನಸ್ತದ.

ಸುದ್ದಿ ತಿಳಿದ ಮ್ಯಾಲೆ ಆಕಿ ಓಡಿ ಬರೂದು ತವರಿಗೆ. ಅಪ್ಪ ಕೇಳ್ತಾನ, ಎಂದೂ ಇಲ್ಲದ ಇವತ್ತ್ಯಾಕ ಬಂದಿ, ಕಣ್ಣಾಗ ನೀರ್ಯಾಕ ಅಂತ. ಆಕಿ ಖರೇ ಹೇಳೂದಿಲ್ಲ. ಅತ್ತಿ ಮಾವ ಬ್ಯಾರೆ ಇಡತಾರಂತ ಅಂತಾಳ. ಇಟ್ಟರ ಇಡಲಿ ಬಿಡು, ಹೊಲಾ ಮನಿ ಕೊಡತೀನಿ ಅಂತಾನ ಅಪ್ಪ. ಖರೇ ಹೇಳೂದು ಗೆಳತಿ ಮುಂದ ಒಬ್ಬಾಕಿ ಮುಂದ. ಆ ಗೆಳತೀನೂ ಕೊಟ್ಟರ ಕೊಡಲಿ, ಅವರು ಇಟ್ಟಾಂಗ ಇರಬೇಕು ಅಂದಬಿಡ್ತಾಳ.

ತಾರಾಗ ಮನಿಯವರು ಖರೇ ಹೇಳಲಿಲ್ಲ. ಭಾಗೀರತಿಗೆ ಮನಿಯವರ ಮುಂದ ಖರೇ ಹೇಳಲಿಕ್ಕೆ ಆಗಲಿಲ್ಲ. ನಮ್ಮ ಕಡೆ ‘ಕೊಟ್ಟ ಹೆಣ್ಣು ಕುಲಕ್ಕ ಹೊರಗ’ ಅಂತ ಗಾದಿ ಐತಿ. ಹೊರಗಿನಾಕಿ ಮುಂದ ಮನಿ ಮಾತು ಯಾರು ಆಡತಾರ, ಆಕಿ ಮಾತು ಯಾರು ಕೇಳತಾರ? ಅಜ್ಜಿ ಈ ಹಾಡು ಹಾಡೂವಾಗ ತವರಿಗೆ ಬರೋ ಜಾಗಾಕ್ಕ ಬಂದ ಕೂಡಲೆ ದನಿ ಸಣ್ಣ ಮಾಡ್ತಿದ್ಲು. ನಾ ಸಣ್ಣಾಕಿ ಇದ್ದೆ, ಯಾಕ ಅಂತ ಕೇಳಲಿಲ್ಲ. ಈಗ ಕೇಳಬೇಕಂದ್ರ ಅಜ್ಜಿ ಇಲ್ಲ.

ಹನುಮಂತನಗರದ ರಂಗಪ್ರೇಮಿ

ತಂಗಿ, ನಿನ್ನ ಓದು ನನಗೆ ಹೊಸದು. ಐವತ್ತು ವರ್ಷದಿಂದ ‘ಕೆರೆಗೆ ಹಾರ’ವನ್ನು ರಂಗದ ಮೇಲೆ ಬೇರೆ ಬೇರೆ ರೂಪದಲ್ಲಿ ನೋಡಿದ್ದೇನೆ. ತವರಿನ ಭಾಗವನ್ನು ಸುಮ್ಮನೆ ದಾಟಿಸಿಬಿಡುವವರೇ ಹೆಚ್ಚು.

ಇದಕ್ಕೆ ಇನ್ನೊಂದು ಸೇರಿಸುತ್ತೇನೆ. ವಿಜಯ್ ತೆಂಡೂಲ್ಕರ್ 1983ರಲ್ಲಿ ಬರೆದ ಮರಾಠಿ ನಾಟಕ ‘ಕನ್ಯಾದಾನ’. ಅಲ್ಲಿ ಅಪ್ಪ ಸಮಾಜವಾದಿ, ಜಾತಿ ಹೋಗಬೇಕು ಅಂತ ಮನಸಾರೆ ನಂಬಿದವನು. ಮಗಳು ಜ್ಯೋತಿ ದಲಿತ ಕವಿಯನ್ನು ಮದುವೆಯಾಗುತ್ತೇನೆ ಅಂದಾಗ ಅವನು ಹಿಗ್ಗುತ್ತಾನೆ. ಆ ಮದುವೆಯಲ್ಲಿ ಅವಳು ಪೆಟ್ಟು ತಿನ್ನುವಾಗಲೂ ಅವನ ಕಣ್ಣ ಮುಂದೆ ಇರುವುದು ಸಿದ್ಧಾಂತ. ದಲಿತ ಯುವಕನನ್ನು ಚಿತ್ರಿಸಿದ ರೀತಿಗೆ ಆ ನಾಟಕದ ಮೇಲೆ ಬಂದ ಆಕ್ಷೇಪ ಸಣ್ಣದಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಅಪ್ಪ–ಮಗಳ ಎಳೆ ಮಟ್ಟಿಗೆ ಹೇಳುವುದಾದರೆ, ಮಗಳನ್ನು ಕೀಳಾಗಿ ಕಾಣದ ಮನೆಯಲ್ಲೂ ಅವಳು ಯಾವುದೋ ದೊಡ್ಡ ಕೆಲಸಕ್ಕೆ ಒದಗುವ ವಸ್ತುವಾಗಿಬಿಡುತ್ತಾಳೆ. ಒಂದು ಕಡೆ ಮಗನ ಕಾಲು, ಇನ್ನೊಂದು ಕಡೆ ಅಪ್ಪನ ಆದರ್ಶ. ದಾನ ಅನ್ನುವ ಪದವೇ ಕಿವಿಯಲ್ಲಿ ಕೂತುಬಿಡುತ್ತದೆ ಆ ನಾಟಕ ನೋಡಿದ ಮೇಲೆ.

ಇಬ್ಬರು ಅಕ್ಕಂದಿರ ತಮ್ಮ

ಇದುವರೆಗೆ ಬರೆದವರು ಹೆಚ್ಚಿನವರು ಹೆಣ್ಣುಮಕ್ಕಳು. ನಾನು ಚಂದನ್ ಕಡೆಯವನು. ಕಾಲು ಸಿಕ್ಕಿದವನು.

ನಾಟಕವನ್ನು ಬರೆಯುತ್ತಿರುವವನೇ ಚಂದನ್ ಅಲ್ಲವೇ. ದೊಡ್ಡವನಾಗಿ ಲಂಡನ್ನಿನಲ್ಲಿದ್ದಾನೆ, ಹೆಸರನ್ನು ಡ್ಯಾನ್ ಅಂತ ಕತ್ತರಿಸಿಕೊಂಡಿದ್ದಾನೆ, ತಂಗಿಯ ಕತೆ ಬರೆಯಲು ಟೈಪ್‌ರೈಟರ್ ಮುಂದೆ ಕೂತಿದ್ದಾನೆ. ಕೂತಾಗಲೆಲ್ಲ ಅದು ಅವನ ದುಃಖದ ಕತೆಯೇ ಆಗಿಬಿಡುತ್ತದೆ. ಕೊನೆಗೆ ಅದಕ್ಕಾಗಿಯೇ ಅವಳ ಕ್ಷಮೆ ಕೇಳುತ್ತಾನೆ. ಕಾಲು ತೆಗೆದುಕೊಂಡಾಗ ಅವನು ಕೂಸು, ಅವನ ತಪ್ಪಿಲ್ಲ. ಕತೆ ತೆಗೆದುಕೊಂಡಾಗ ಅವನು ಬೆಳೆದವನು.

ನನ್ನ ಅಕ್ಕಂದಿರು ಇಬ್ಬರೂ ಎಸ್ಸೆಸ್ಸೆಲ್ಸಿ ಆದಮೇಲೆ ಓದು ನಿಲ್ಲಿಸಿದರು. ‘ನಿಲ್ಲಿಸಿದರು’ ಅಂತಲೇ ನಾನು ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದೇನೆ, ಅವರೇ ನಿಲ್ಲಿಸಿದ ಹಾಗೆ. ನನ್ನ ಹಾಸ್ಟೆಲ್ ಫೀಸಿಗೆ ದೊಡ್ಡಕ್ಕ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಓವರ್‌ಟೈಮ್ ಮಾಡುತ್ತಿದ್ದಳು. ಇವತ್ತಿಗೂ ನಾನು ಹೋದರೆ ಮಟನ್ ತರಿಸುತ್ತಾಳೆ. ‘ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ’ ಅಂತ ನಮ್ಮಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು. ಆ ಗಾದೆಯಲ್ಲಿ ಯಾರಿಗೆ ಏನು ಹಂಚಿದ್ದಾರೆ ಅಂತ ನಾನು ಯೋಚಿಸಿದ್ದು ಮದುವೆಯಾಗಿ ನನಗೊಬ್ಬಳು ಮಗಳು ಹುಟ್ಟಿದ ಮೇಲೆ.

ಅಕ್ಕನ ಹತ್ತಿರ ಒಮ್ಮೆ ಈ ಮಾತು ತೆಗೆದೆ. “ಬಿಡೋ, ನೀನು ಚೆನ್ನಾಗಿ ಓದ್ತಿದ್ದೆ” ಅಂದಳು. ಅವಳೂ ಚೆನ್ನಾಗಿ ಓದುತ್ತಿದ್ದಳು. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ವೈಟ್‌ಫೀಲ್ಡ್ ಅಪ್ಪ

ಎರಡು ದಿನದಿಂದ ಎಲ್ಲವನ್ನೂ ಓದುತ್ತಿದ್ದೇನೆ. 1990ರ ನಾಟಕ, ಈಗ ಹೊಂದುವುದಿಲ್ಲ ಅಂತ ನಾನು ಹೇಳಿದ್ದು ಅವಸರದ ಮಾತು. ವಾಪಸ್ ತೆಗೆದುಕೊಳ್ಳುತ್ತೇನೆ.

ವಕೀಲೆ ಮೇಡಂ ಬರೆದದ್ದು ಓದಿದಾಗ ಅಮ್ಮನಿಗೆ ಫೋನ್ ಮಾಡಿದೆ. ನೆಲಮಂಗಲದ ಹತ್ತಿರ ನಮ್ಮದು ಎರಡೂವರೆ ಎಕರೆ ಇತ್ತು, ಅಪ್ಪ ತೀರಿಕೊಂಡ ಮೇಲೆ ನನ್ನ ಹೆಸರಿಗೆ ಆಯಿತು. ನನ್ನ ತಂಗಿ ಸಹಿ ಹಾಕಿದ್ದಳು. ಅವಳಿಗೆ ಅದರ ಬೆಲೆ ಗೊತ್ತಿತ್ತಾ ಅಂತ ಅಮ್ಮನನ್ನು ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವಳ ಮದುವೆಗೆ ಖರ್ಚು ಮಾಡಿಲ್ವಾ” ಅಂದರು. ನನ್ನ ಮದುವೆಗೂ ಖರ್ಚು ಮಾಡಿದ್ದರು. ತಂಗಿ ಜೊತೆ ಏನು ಮಾತಾಡಬೇಕು ಅಂತ ನಾನು, ನನ್ನ ಹೆಂಡತಿ ಯೋಚಿಸುತ್ತಿದ್ದೇವೆ. ಇಲ್ಲಿ ಇಷ್ಟು ಸಾಕು.

ವಕೀಲೆ, ಸಿಟಿ ಸಿವಿಲ್ ಕೋರ್ಟ್ ಹತ್ತಿರ

ಸರ್, ಅವಳ ಜೊತೆ ಮಾತಾಡುವ ಮೊದಲು ಆ ಪತ್ರದ ಒಂದು ಪ್ರತಿ ಅವಳ ಕೈಗೆ ಕೊಡಿ. ಅವಳೇ ಓದಲಿ. ಮಿಕ್ಕಿದ್ದು ಆಮೇಲೆ.

ರಾಜಾಜಿನಗರದವಳು

ನಾನು ಮೊದಲ ದಿನ ಬರೆಯದೆ ಬಿಟ್ಟದ್ದನ್ನು ಈಗ ಬರೆಯುತ್ತೇನೆ. ಅಮ್ಮನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

1999ರಲ್ಲಿ ಸಿಇಟಿಯಲ್ಲಿ ನನಗೆ ಬಂದ ರ‍್ಯಾಂಕಿಗೆ ಎಂಜಿನಿಯರಿಂಗ್ ಫ್ರೀ ಸೀಟು ಸಿಗುತ್ತಿರಲಿಲ್ಲ, ಪೇಮೆಂಟ್ ಸೀಟು ಸಿಗುತ್ತಿತ್ತು. ಅಷ್ಟು ದುಡ್ಡು ಇಲ್ಲ ಅಂದರು. ನಾನು ನಂಬಿದೆ, ಬಿ.ಕಾಂ.ಗೆ ಸೇರಿದೆ. ಎರಡು ವರ್ಷ ಬಿಟ್ಟು ತಮ್ಮನಿಗೆ ನನಗಿಂತ ಹಿಂದಿನ ರ‍್ಯಾಂಕ್ ಬಂತು. ಅವನಿಗೆ ಪೇಮೆಂಟ್ ಸೀಟು ಕೊಡಿಸಿದರು. ಅಷ್ಟರಲ್ಲಿ ಅಪ್ಪನಿಗೆ ಪ್ರಮೋಷನ್ ಆಗಿತ್ತು, ಅದಕ್ಕೇ ಸಾಧ್ಯವಾಯಿತು ಅಂತ ನಾನು ನನಗೇ ಹೇಳಿಕೊಂಡಿದ್ದೆ.

ನಾಟಕ ನೋಡಿ ಬಂದ ಮೂರನೇ ದಿನ ಅಮ್ಮ ಅಕ್ಕಿ ಆರಿಸುತ್ತಾ ಹೇಳಿದರು. ಅಜ್ಜಿಯ ಅವಲಕ್ಕಿ ಸರ ಮಾರಿ ಅವನ ಫೀಸು ಕಟ್ಟಿದ್ದು ಅಂತ. ಆ ಸರ 1999ರಲ್ಲೂ ಬೀರುವಿನಲ್ಲೇ ಇತ್ತು. ಅಜ್ಜಿ ಅದನ್ನು ಬಿಟ್ಟು ಹೋಗಿದ್ದು ನನ್ನ ಹೆಸರು ಹೇಳಿ. “ನಿನ್ನ ಮದುವೆಗೆ ಅಂತ ಇಟ್ಟಿದ್ದೆ, ಓದಿಗೆ ಅಂತ ತೆಗೆಯೋಕೆ ಮನಸ್ಸು ಬರಲಿಲ್ಲ. ಅವನಿಗೆ ಬೇಕಾದಾಗ ಬಂತು” ಅಂದರು. ಅದೇ ವರ್ಷ ಇದೇ ನನ್ನಮ್ಮ, ಹತ್ತನೇ ಕ್ಲಾಸಿಗೇ ಓದು ಬಿಡಿಸಲು ಹೊರಟಿದ್ದ ತಮ್ಮ ವಿದ್ಯಾರ್ಥಿನಿಯೊಬ್ಬಳ ಮನೆಗೆ ಮೂರು ಸಲ ನಡೆದು ಹೋಗಿ ಅವಳಪ್ಪನನ್ನು ಒಪ್ಪಿಸಿ ಬಂದಿದ್ದರು. ಆ ಹುಡುಗಿ ಈಗ ಬ್ಯಾಂಕ್ ಮ್ಯಾನೇಜರ್, ಯುಗಾದಿಗೆ ತಪ್ಪದೆ ಫೋನ್ ಮಾಡುತ್ತಾಳೆ. ಇವೆರಡೂ ಒಬ್ಬಳೇ ಹೆಂಗಸು ಒಂದೇ ವರ್ಷದಲ್ಲಿ ಮಾಡಿದ್ದು. ನಾನು ಎಷ್ಟು ಯೋಚಿಸಿದರೂ ಒಂದನ್ನು ಇನ್ನೊಂದರಿಂದ ಕಳೆಯಲು ಆಗುತ್ತಿಲ್ಲ.

ಹೇಳಿದ ಮೇಲೆ ಏನಾಯಿತು ಅಂತ ಕೆಲವರು ಖಾಸಗಿಯಾಗಿ ಕೇಳಿದ್ದೀರಿ. ನನಗೆ ಸಿಟ್ಟು ಬಂತು. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಸರಕ್ಕಾಗಿ ಅಲ್ಲ, ಇಪ್ಪತ್ತು ವರ್ಷಕ್ಕೂ ಮೇಲೆ ನಾನೇ ಅವರ ಪರವಾಗಿ ನೆಪ ಹುಡುಕಿಕೊಂಡು ಬದುಕಿದ್ದಕ್ಕೆ. ಅಮ್ಮ ಸಮಾಧಾನ ಹೇಳಲು ಬರಲಿಲ್ಲ, ಅದು ನನಗೆ ಒಳ್ಳೆಯದನ್ನೇ ಮಾಡಿತು. ಮೂರನೇ ದಿನ ಬೆಳಗ್ಗೆ ಕಾಫಿ ಲೋಟ ತಂದಿಟ್ಟು ಎದುರಿಗೆ ಕೂತರು, ಎದ್ದು ಹೋಗಲಿಲ್ಲ.

ಧಾರವಾಡದಾಕಿ, ಈಗ ವಿಜಯನಗರ

ಅಕ್ಕಾ, ಮುಂದಿನ ಐತವಾರ ಯಾರದಾದ್ರೂ ಮನ್ಯಾಗ ಕೂತು ಈ ನಾಟಕ ಓದೂಣೇನು? ಎರಡನೇ ಅಂಕದ ಒಂದಷ್ಟು ಭಾಗ ಕನ್ನಡದಾಗ ಮಾಡಿಕೊಂಡು, ನಮ್ಮ ನಮ್ಮ ಮಟ್ಟಿಗೆ. ಅಮ್ಮಾರು ಭಾರತಿ ಮಾತು ಓದಿದ್ರ ಛಲೋ ಅನಸ್ತದ.

ಹನುಮಂತನಗರದ ರಂಗಪ್ರೇಮಿ

ನನ್ನ ಮನೆಗೆ ಬನ್ನಿ. ನೆಲ ಮಹಡಿ, ಹಿರಿಯರಿಗೆ ಮೆಟ್ಟಿಲ ತೊಂದರೆ ಇಲ್ಲ. ಡಾ. ಠಕ್ಕರ್ ಮಾತು ನಾನು ಓದುತ್ತೇನೆ.

ಸ್ಕ್ಯಾನಿಂಗ್ ರೂಮಿನಿಂದ

ಸಾರ್, ಠಕ್ಕರ್ ಮಾತು ನನಗೆ ಬಿಟ್ಟುಕೊಡಿ.

ರಾಜಾಜಿನಗರದವಳು

ಅಮ್ಮನಿಗೆ ಈ ಚರ್ಚೆಯನ್ನೆಲ್ಲ ಓದಿ ಹೇಳಿದೆ. ಧಾರವಾಡದ ಹಾಡಿನ ಭಾಗವನ್ನು ಎರಡು ಸಲ ಓದಿಸಿದರು. ಐತವಾರಕ್ಕೆ ಬರುತ್ತಾರೆ. ಆದರೆ ಭಾರತಿಯ ಮಾತು ತಾನು ಓದುವುದಿಲ್ಲವಂತೆ. “ಅದನ್ನ ನಿನ್ನ ತಮ್ಮ ಓದಲಿ. ಓದಿ ನೋಡಲಿ” ಅಂದರು.

ತಮ್ಮನಿಗೆ ನಿನ್ನೆ ರಾತ್ರಿ ವಿಷಯ ಬರೆದು ಕಳಿಸಿದೆ, ಸರದ ಕತೆಯನ್ನೂ ಸೇರಿಸಿ. ಅವನಿಗೂ ಯಾರೂ ಹೇಳಿರಲಿಲ್ಲ. ಬಹಳ ಹೊತ್ತು ಉತ್ತರ ಬರಲಿಲ್ಲ. ಬೆಳಗಿನ ಜಾವ ಎದ್ದು ನೋಡಿದರೆ ಒಂದೇ ಸಾಲು ಇತ್ತು: “ಅಕ್ಕ, ಎಷ್ಟು ಗಂಟೆಗೆ ಬರಲಿ?”